ಕುರ್ಲಾದಲ್ಲಿ ಇಳಿಯಬೇಕಾದವರು ದಾದರ್ ಸೇರದಿರಲು: ಮುಂಬೈ ಲೋಕಲ್ ಹತ್ತುವ ಹೊಸಬರಿಗೆ

ಅಕ್ಕನ ಮಗಳು ಶಿವಮೊಗ್ಗದಿಂದ ಬಂದು ಡೊಂಬಿವಲಿಯ ನಮ್ಮ ಮನೆಯಲ್ಲಿ ಇಳಿದುಕೊಂಡು ಮೂರನೇ ದಿನ. ಬಿಕೆಸಿಯಲ್ಲಿ, ಅಂದರೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ, ಹೊಸ ಕೆಲಸ. ಫಾಸ್ಟ್ ಲೋಕಲ್ ಹತ್ತು, ಕುರ್ಲಾದಲ್ಲಿ ಇಳಿ, ಅಲ್ಲಿಂದ ಶೇರ್ ಆಟೋ ಸಿಗುತ್ತದೆ ಎಂದು ಹೇಳಿ ಕಳಿಸಿದ್ದೆ. ಒಂಬತ್ತೂಕಾಲಿಗೆ ಫೋನ್ ಬಂತು. "ಚಿಕ್ಕಮ್ಮ, ನಾನು ದಾದರಲ್ಲಿದ್ದೀನಿ. ಬಲಗಾಲಿನ ಚಪ್ಪಲಿ ಎಲ್ಲೋ ಹೋಯ್ತು."

ನಗಬಾರದಿತ್ತು, ಆದರೂ ನಕ್ಕೆ. 2003ರಲ್ಲಿ ನಾನು ಈ ಊರಿಗೆ ಬಂದಾಗ ನನಗೂ ಹೀಗೇ ಆಗಿತ್ತು. ನಾನು ಕಳಕೊಂಡದ್ದು ಚಪ್ಪಲಿಯಲ್ಲ, ಊಟದ ಡಬ್ಬಿ.

ಅವತ್ತು ಸಂಜೆ ಕೂತು ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೆಲಸಕ್ಕೆಂದು ಊರಿನಿಂದ ಮುಂಬೈಗೆ ಬರುವ ನಮ್ಮವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಅವರಿಗೆ ಮನೆ ಹುಡುಕಿಕೊಡುವವರು ಇದ್ದಾರೆ, ರೈಲು ಹತ್ತುವುದು ಹೇಗೆ ಅಂತ ಹೇಳುವವರು ಕಡಿಮೆ. ನನಗೆ ಇಷ್ಟು ವರ್ಷದಲ್ಲಿ ಗೊತ್ತಾಗಿರುವುದು ಮುಖ್ಯವಾಗಿ ಒಂದು ವಿಷಯ. ಯೋಚನೆಯೆಲ್ಲ ಪ್ಲಾಟ್‌ಫಾರ್ಮಿಗೆ ಬರುವ ಮೊದಲೇ ಮುಗಿದಿರಬೇಕು. ಗರ್ದಿಯ, ಅಂದರೆ ಜನರ ನೂಕುನುಗ್ಗಲಿನ, ಒಳಗೆ ಸಿಕ್ಕಿಕೊಂಡ ಮೇಲೆ ಮೂಗು ತುರಿಸಿಕೊಳ್ಳುವುದಕ್ಕೂ ಕೈ ಎತ್ತಲಾಗುವುದಿಲ್ಲ. ಎಲ್ಲಿ ಇಳಿಯಲಿ, ಹೇಗೆ ಹೋಗಲಿ ಅಂತ ಅಲ್ಲಿ ನಿಂತು ಯೋಚಿಸಲಾದೀತೇ?

ಗರ್ದಿ ಎಂದರೆ ಎಷ್ಟು ಎಂಬ ಅಂದಾಜು ಇರಲಿ. ಮುಂಬೈ ಲೋಕಲ್ಲಿನಲ್ಲಿ ದಿನಕ್ಕೆ 70 ಲಕ್ಷಕ್ಕೂ ಹೆಚ್ಚು ಜನ ಓಡಾಡುತ್ತಾರೆ. ರಶ್ ಹೊತ್ತಿನಲ್ಲಿ ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ ನಿಂತಿರುತ್ತಾರೆ ಎನ್ನುತ್ತದೆ ರೈಲ್ವೆಯ ಲೆಕ್ಕ. ನಿಮ್ಮ ಮನೆಯ ಬಚ್ಚಲನ್ನು ನೆನೆಸಿಕೊಳ್ಳಿ. ಅಷ್ಟು ಜಾಗದಲ್ಲಿ ಇಡೀ ಮದುವೆ ದಿಬ್ಬಣ.

ಮೊದಲು: ನಿಮ್ಮ ಲೈನ್ ಯಾವುದು, ಗಾಡಿ ಯಾವುದು

ಇಲ್ಲಿ ಮುಖ್ಯವಾಗಿ ಮೂರು ಲೈನ್. ಚರ್ಚ್‌ಗೇಟಿನಿಂದ ಅಂಧೇರಿ, ಬೋರಿವಲಿ, ವಿರಾರ್ ದಾಟಿ ಡಹಾಣುವರೆಗೆ ವೆಸ್ಟರ್ನ್. ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ದಾದರ್, ಕುರ್ಲಾ, ಥಾಣೆ, ಡೊಂಬಿವಲಿ, ಕಲ್ಯಾಣದವರೆಗೆ ಹೋಗಿ, ಅಲ್ಲಿಂದ ಕಸಾರಾ ಕಡೆಗೆ ಒಂದು, ಕರ್ಜತ್–ಖೋಪೋಲಿ ಕಡೆಗೆ ಒಂದು ಎಂದು ಕವಲಾಗುವುದು ಸೆಂಟ್ರಲ್. ಸಿಎಸ್‌ಎಂಟಿಯಿಂದ ವಡಾಲಾ, ಕುರ್ಲಾ, ವಾಶಿ, ಪನ್ವೇಲ್ ಕಡೆಗೆ ಹಾರ್ಬರ್. ಥಾಣೆಯಿಂದ ವಾಶಿ–ಪನ್ವೇಲ್ ಕಡೆಗೆ ಟ್ರಾನ್ಸ್ ಹಾರ್ಬರ್ ಅಂತ ಇನ್ನೊಂದು ಇದೆ. ಇದನ್ನು ಮರೆಯಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಓದುವುದನ್ನು ಒಂದು ಭಾನುವಾರ ಹೋಗಿ ಕಲಿತುಬಿಡಿ. ಅದರಲ್ಲಿ ಊರಿನ ಹೆಸರು ಪೂರ್ತಿ ಇರುವುದರ ಜೊತೆಗೆ ಒಂದೆರಡು ಅಕ್ಷರದ ಸಂಕೇತವೂ ಇರುತ್ತದೆ. ಸೆಂಟ್ರಲ್ಲಿನಲ್ಲಿ ಟಿ ಅಂದರೆ ಥಾಣೆ, ಕೆ ಅಂದರೆ ಕಲ್ಯಾಣ, ಬಿಎಲ್ ಅಂದರೆ ಬದ್ಲಾಪುರ, ಎನ್ ಅಂದರೆ ಕಸಾರಾ. ಎಸ್ ಅಂದರೆ? ಕರ್ಜತ್! ಅದೇ ಬೋರ್ಡಿನ ಪಕ್ಕದ ಅಂಕಣದಲ್ಲಿ ಎಸ್ ಇದ್ದರೆ ಅದು ಸ್ಲೋ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವುದು. ಎಫ್ ಇದ್ದರೆ ಫಾಸ್ಟ್, ಮುಖ್ಯ ಸ್ಟೇಷನ್ನುಗಳಲ್ಲಿ ಮಾತ್ರ ನಿಲ್ಲುವುದು. ಒಂದೇ ಅಕ್ಷರಕ್ಕೆ ಎರಡು ಅರ್ಥ. ಇದನ್ನು ಯಾರು ಮಾಡಿದರೋ, ಅವರಿಗೆ ಒಂದು ನಮಸ್ಕಾರ. 12 ಅಥವಾ 15 ಎಂದಿದ್ದರೆ ಅದು ಬೋಗಿಗಳ ಲೆಕ್ಕ. ಗಾಡಿಯ ಮುಂದಿನ ಬೋಗಿ ಪ್ಲಾಟ್‌ಫಾರ್ಮಿನಲ್ಲಿ ಎಲ್ಲಿಗೆ ಬಂದು ನಿಲ್ಲುತ್ತದೆ ಎನ್ನುವುದು ಇದರ ಮೇಲೆ ಹೋಗುತ್ತದೆ.

ಅನೌನ್ಸ್‌ಮೆಂಟ್ ಮೂರು ಭಾಷೆಯಲ್ಲಿ ಬರುತ್ತದೆ, ಮರಾಠಿ ಮೊದಲು. ನಾಲ್ಕು ಪದ ಗೊತ್ತಿದ್ದರೆ ಸಾಕು. 'ಜಲದ್' ಅಂದರೆ ಫಾಸ್ಟ್. 'ಧೀಮಿ' ಅಂದರೆ ಸ್ಲೋ. 'ಥಾಂಬಣಾರ್ ನಾಹೀ' ಅಂದರೆ ಇಲ್ಲಿ ನಿಲ್ಲುವುದಿಲ್ಲ. 'ರದ್ದ್' ಅಂದರೆ ಏನೆಂದು ಕನ್ನಡದವರಿಗೆ ಹೇಳಬೇಕಾಗಿಲ್ಲ ಅಲ್ವಾ?

ಗಾಡಿ ಆರಿಸುವಾಗ ಒಂದು ಗುಟ್ಟು. ದೂರದಿಂದ ಬರುವ ಫಾಸ್ಟಿಗಿಂತ ನಿಮ್ಮ ಸ್ಟೇಷನ್ನಿನಿಂದಲೇ ಹೊರಡುವ ಲೋಕಲ್ ಮೇಲು. ಡೊಂಬಿವಲಿಯಿಂದ, ಥಾಣೆಯಿಂದ, ಕುರ್ಲಾದಿಂದ ಹೊರಡುವ ಗಾಡಿಗಳಿವೆ. ಹದಿನೈದು ನಿಮಿಷ ಜಾಸ್ತಿ ಹಿಡಿದರೂ ನೆಟ್ಟಗೆ ನಿಲ್ಲಲು ಜಾಗ ಸಿಗುತ್ತದೆ, ಅದೃಷ್ಟವಿದ್ದರೆ ಸೀಟೂ. ಕೆಲವರು ಡೊಂಬಿವಲಿಯಲ್ಲಿ ಉಲ್ಟಾ ಕಡೆಗೆ ಹತ್ತಿ ಕಲ್ಯಾಣಕ್ಕೆ ಹೋಗಿ, ಅದೇ ಗಾಡಿಯಲ್ಲಿ ಕೂತೇ ವಾಪಸ್ ಬರುತ್ತಾರೆ. ಹಾಗೆ ಮಾಡುವುದಿದ್ದರೆ ಪಾಸ್ ಕಲ್ಯಾಣದಿಂದ ತೆಗೆಸಿ. ಕಲ್ಯಾಣದಲ್ಲಿ ಹತ್ತುವವರ ಕಣ್ಣಿನ ಉರಿಯನ್ನೂ ತಾಳಿಕೊಳ್ಳಿ. ಅವರಿಗೆ ನೀವು ಸೀಟು ಕದ್ದವರು.

ಹತ್ತಿರದ ಊರಿಗೆ ಹೋಗುವವರು ದೂರದ ಗಾಡಿ ಹತ್ತಬಾರದು ಎಂಬುದೂ ಇಲ್ಲಿನ ಬರೆಯದ ಕಾನೂನು. ವೆಸ್ಟರ್ನಿನಲ್ಲಿ ಬೋರಿವಲಿಯವರು ವಿರಾರ್ ಫಾಸ್ಟ್ ಹತ್ತಿ ನೋಡಲಿ, ಒಳಗಿನವರು ಇಳಿಯಲು ದಾರಿಯನ್ನೇ ಬಿಡುವುದಿಲ್ಲ. ಇದು ಸರಿಯಲ್ಲ ಅಂತ ನನಗೂ ಅನಿಸುತ್ತದೆ. ಆದರೆ ಸಂಜೆ ಏಳಕ್ಕೆ ಬಾಗಿಲಲ್ಲಿ ನಿಂತು ನ್ಯಾಯ ಕೇಳುವುದಕ್ಕಿಂತ ಬೋರಿವಲಿ ಲೋಕಲ್ಲಿಗೆ ಕಾಯುವುದು ವಾಸಿ.

ಪಾಸು, ಫೋನು

ಇದನ್ನು ಬೇಗ ಮುಗಿಸುತ್ತೇನೆ. ತಿಂಗಳ ಪಾಸ್, ಮೂರು ತಿಂಗಳ ಪಾಸ್ ಎಲ್ಲ ಇದೆ. ಮುಗಿಯುವ ಹತ್ತು ದಿನ ಮೊದಲೇ ಹೊಸದು ಮಾಡಿಸಬಹುದು. ಕೊನೆಯ ದಿನದ ತನಕ ಕಾಯಬೇಡಿ. ಪಾಸ್ ಇಲ್ಲದೆ ಸಿಕ್ಕಿಬಿದ್ದರೆ ಕಡಿಮೆ ಅಂದರೂ 250 ರೂಪಾಯಿ ದಂಡ, ಮೇಲೆ ಟಿಕೆಟ್ ಹಣ. ರೈಲ್‌ವನ್ ಆ್ಯಪಿನಲ್ಲಿ ಟಿಕೆಟ್ ತೆಗೆಯುವವರು ಸ್ಟೇಷನ್ನಿನ ಹೊರಗಿರುವಾಗಲೇ ತೆಗೆಯಿರಿ. ಹಳಿ ಹತ್ತಿರ ಬಂದರೆ ಆ್ಯಪ್ ಒಪ್ಪುವುದಿಲ್ಲ.  ಆ್ಯಪಿನ ಪಾಸ್ ಆ್ಯಪಿನಲ್ಲೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ.

ಇನ್ನೊಂದು ಆ್ಯಪ್ ಎಂ–ಇಂಡಿಕೇಟರ್. ವೇಳಾಪಟ್ಟಿಯ ಜೊತೆಗೆ, ಮುಂದಿನ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರುತ್ತದೆ ಎನ್ನುವುದೂ ಅದರಲ್ಲಿರುತ್ತದೆ. ಗಾಡಿಯೊಳಗಿನ ಜನ ಬರೆಯುವ ಚಾಟ್ ಕೂಡ ಇದೆ. 'ದಿವಾದಲ್ಲಿ ಇಪ್ಪತ್ತು ನಿಮಿಷದಿಂದ ನಿಂತಿದೆ' ಎಂಬ ಸುದ್ದಿ ಸ್ಟೇಷನ್ನಿನ ಮೈಕಿಗಿಂತ ಮೊದಲು ಅಲ್ಲಿ ಬರುತ್ತದೆ. ಮನೆ ಬಿಡುವ ಮುಂಚೆ ಒಮ್ಮೆ ಅದನ್ನು ನೋಡುವುದು ನನಗೆ ದೇವರಿಗೆ ಕೈ ಮುಗಿದಷ್ಟೇ ಅಭ್ಯಾಸವಾಗಿದೆ.

ಹತ್ತುವುದು, ನಿಲ್ಲುವುದು, ಇಳಿಯುವುದು

ನಮ್ಮ ಹುಡುಗಿ ಎಡವಿದ್ದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅವಳು ಹತ್ತಿದ್ದು ಲೇಡೀಸ್ ಡಬ್ಬಿ, ಅಂದರೆ ಹೆಂಗಸರ ಬೋಗಿ. ಹತ್ತಿದ ಕೂಡಲೇ ಗಾಳಿ ಬರಲಿ ಎಂದು ಒಳಗೆ ನುಗ್ಗಿ ಕಿಟಕಿ ಪಕ್ಕ ನಿಂತಳು. ಥಾಣೆ ಹೋಯಿತು, ಘಾಟ್ಕೋಪರ್ ಬಂತು. ಕುರ್ಲಾ ಬಂದಾಗ ಬಾಗಿಲ ಕಡೆ ಹೋಗೋಣ ಎಂದು ಬಸ್ಸಿನ ಲೆಕ್ಕ ಹಾಕಿಕೊಂಡಿದ್ದಳು. ಕುರ್ಲಾದಲ್ಲಿ ಗಾಡಿ ನಿಲ್ಲುವುದು ಅರ್ಧ ನಿಮಿಷ ಇದ್ದರೆ ಹೆಚ್ಚು. ಅವಳು ಮೂರು ಹೆಜ್ಜೆ ಇಡುವಷ್ಟರಲ್ಲಿ ಹೊರಗಿನಿಂದ ಹತ್ತುವವರ ಅಲೆ ಬಂದು ಅವಳನ್ನು ಮತ್ತೆ ಕಿಟಕಿಗೇ ತಂದು ನಿಲ್ಲಿಸಿತು. ಆ ಎಳೆದಾಟದಲ್ಲಿ ಚಪ್ಪಲಿ ಹೋಯಿತು.

ಇಳಿಯುವ ಕೆಲಸ ಎರಡು ಸ್ಟೇಷನ್ ಮೊದಲೇ ಶುರುವಾಗಬೇಕು. ಕುರ್ಲಾಕ್ಕೆ ಇಳಿಯುವವರು ಥಾಣೆ ಬಿಟ್ಟ ಮೇಲೆ ಬಾಗಿಲ ಕಡೆಗೆ ಸರಿಯಲು ಶುರು ಮಾಡುತ್ತಾರೆ. ಮುಂದಿರುವವರನ್ನು ಕೇಳಬೇಕು: "ಕುರ್ಲಾ ಉತರ್ನಾ ಹೈ?" ಹೌದು ಅಂದರೆ ಅವರ ಬೆನ್ನಿಗೆ ಅಂಟಿಕೊಳ್ಳಿ, ನಿಮ್ಮ ಕೆಲಸ ಮುಗಿಯಿತು. ಇಲ್ಲ ಅಂದರೆ ಅವರು ಹಿಂದೆ, ನೀವು ಮುಂದೆ, ಜಾಗ ಬದಲಾಯಿಸಿಕೊಳ್ಳಬೇಕು. ನಾಚಿಕೆ ಬೇಡ, ಇಲ್ಲಿ ಇದು 'ಊಟ ಆಯ್ತಾ' ಅಂದಷ್ಟೇ ಸಹಜದ ಮಾತು. ಘಾಟ್ಕೋಪರ್ ದಾಟುವ ಹೊತ್ತಿಗೆ ಬಾಗಿಲಿಂದ ಮೂರನೆಯವರೋ ನಾಲ್ಕನೆಯವರೋ ಆಗಿದ್ದರೆ ಗೆದ್ದಿರಿ. ಅಲ್ಲಿಂದ ಮುಂದೆ ಹಿಂದಿನವರೇ ನಿಮ್ಮನ್ನು ಇಳಿಸುತ್ತಾರೆ. ಕಾಲು ನೆಲದಲ್ಲಿ ಇದ್ದರೆ ಸಾಕು.

ಯಾವ ಬದಿಗೆ ಇಳಿಯಬೇಕು ಎಂಬುದು ಮೊದಲೇ ಗೊತ್ತಿರಲಿ. ತಪ್ಪು ಬಾಗಿಲಿನ ಬಳಿ ಮೊದಲನೆಯವರಾಗಿ ನಿಂತರೆ ಪ್ರಯೋಜನವೇನು?

ಹತ್ತುವಾಗ ಬಾಗಿಲಿನ ನಡುವಿಗೆ ನಿಲ್ಲಬೇಡಿ. ನಡುವೆ ಇಳಿಯುವವರ ಹೊಳೆ ಹರಿಯುತ್ತದೆ. ಪಕ್ಕದಲ್ಲಿ ನಿಂತು, ಕೊನೆಯವರು ಇಳಿಯುತ್ತಿದ್ದ ಹಾಗೆ ಒಳಗೆ. ಬ್ಯಾಗ್ ಎದೆಯ ಮೇಲೆ ಇರಲಿ, ಬೆನ್ನ ಮೇಲಲ್ಲ. ಬೆನ್ನಿನ ಬ್ಯಾಗು ಇನ್ನೊಬ್ಬರ ಜಾಗ ತಿನ್ನುತ್ತದೆ, ಕಳ್ಳರಿಗೂ ಅನುಕೂಲ. ಒಂದು ಕೈ ಮೇಲಿನ ಹಿಡಿಗೆ, ಇನ್ನೊಂದು ಕೈ ಮಡಚಿ ಎದೆಯ ಮುಂದೆ. ತಳ್ಳಾಟ ಜಾಸ್ತಿಯಾದಾಗ ಉಸಿರಾಡಲು ಜಾಗ ಉಳಿಸುವುದು ಈ ಮಡಚಿದ ಕೈಯೇ. ದುಪಟ್ಟಾ ಗಂಟು ಹಾಕಿಕೊಳ್ಳಿ, ಜಡೆ ಹೆಣೆದುಕೊಳ್ಳಿ. ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಶೂ ಹಾಕಿ. ಏನೇ ಕೆಳಗೆ ಬಿದ್ದರೂ ಬಗ್ಗಿ ಎತ್ತಲು ಹೋಗಬೇಡಿ. ಫೋನ್ ಆದರೂ ಸರಿಯೇ. ಬಗ್ಗಿದವರ ಮೇಲೆ ಹಿಂದಿನವರು ಬೀಳುತ್ತಾರೆ. ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಸಂದು ಇರುತ್ತದೆ, ಒಂದೊಂದು ಕಡೆ ಒಂದೊಂದು ಅಗಲ. ಕಣ್ಣು ಅಲ್ಲಿರಲಿ.

ಬಾಗಿಲಲ್ಲಿ ನೇತಾಡಬೇಡಿ. 'ಎಲ್ಲರೂ ನೇತಾಡುತ್ತಾರೆ' ಎನ್ನುವ ಹುಡುಗರಿಗೆ ನಾನು 2025ರ ಜೂನ್ 9ನ್ನು ನೆನಪಿಸುತ್ತೇನೆ. ಮುಂಬ್ರಾದ ತಿರುವಿನಲ್ಲಿ ಎದುರುಬದುರಾದ ಎರಡು ಲೋಕಲ್ಲುಗಳ ಫುಟ್‌ಬೋರ್ಡಿನಲ್ಲಿದ್ದವರು ಹಳಿಗೆ ಬಿದ್ದರು, ಜೀವಗಳು ಹೋದವು. ಅವರೆಲ್ಲ ನಮ್ಮ ಲೈನಿನ, ನಮ್ಮ ಹೊತ್ತಿನ ಪ್ರಯಾಣಿಕರು. ಬಾಗಿಲಲ್ಲಿ ಫೋನ್ ಹಿಡಿದು ನಿಲ್ಲುವವರಿಗೆ ಇನ್ನೊಂದು ಕಾಟ ಫಟ್ಕಾ ಗ್ಯಾಂಗ್. ಗಾಡಿ ನಿಧಾನವಾದ ಕಡೆ ಹಳಿ ಪಕ್ಕ ನಿಂತು, ಕೋಲಿನಿಂದ ಕೈಗೆ ಹೊಡೆದು ಫೋನ್ ಬೀಳಿಸಿ ಎತ್ತಿಕೊಂಡು ಹೋಗುತ್ತಾರೆ.

ಸೀಟಿನ ವಿಷಯ. ಇಲ್ಲಿ ಸೀಟನ್ನು ಮೊದಲೇ 'ಬುಕ್' ಮಾಡುವ ಪದ್ಧತಿ ಇದೆ. ಕೂತವರನ್ನು "ಕಹಾಂ ಉತರ್ನಾ ಹೈ?" ಎಂದು ಕೇಳಿ. "ದಾದರ್" ಅಂದರೆ, ದಾದರಿನಲ್ಲಿ ಅವರ ಸೀಟು ನಿಮ್ಮದು. ಆಮೇಲೆ ಬಂದವರು ಕೇಳಿದರೆ ಅವರೇ "ಇವರು ಕೇಳಿಯಾಯ್ತು" ಎಂದು ನಿಮ್ಮನ್ನು ತೋರಿಸುತ್ತಾರೆ. ಚೀಟಿ ಇಲ್ಲ, ಸಹಿ ಇಲ್ಲ, ಆದರೂ ನಡೆಯುತ್ತದೆ. ಮೂವರ ಬೆಂಚಿನಲ್ಲಿ ನಾಲ್ಕನೆಯವರು ಅಂಚಿಗೆ ಕೂರುವುದೂ ಇಲ್ಲಿ ಹಕ್ಕೇ. "ಥೋಡಾ ಸರಕೋ" ಅಂದರೆ ಸರಿಯುತ್ತಾರೆ. ಅರ್ಧ ಸೀಟೇ ಸಿಗುವುದು, ಇನ್ನರ್ಧ ಗಾಳಿಯಲ್ಲಿ. ನನ್ನ ಎದುರು ಕೂರುವ ಒಬ್ಬರು ಸಂಜೆ ಮುಲುಂಡ್ ಬರುವುದರೊಳಗೆ ಅರ್ಧ ಕಿಲೋ ಗೋರಿಕಾಯಿ ಸೋಸಿ ಮುಗಿಸುತ್ತಾರೆ, ಅದೂ ನಾಲ್ಕನೇ ಸೀಟಿನಲ್ಲಿ ಕೂತು.

ಬಸುರಿಯರು ಮತ್ತು ಕ್ಯಾನ್ಸರ್ ರೋಗಿಗಳು ದಿವ್ಯಾಂಗರ ಡಬ್ಬಿಯಲ್ಲಿ ಹೋಗಬಹುದು. ಇದು ಬಹಳ ಜನರಿಗೆ ಗೊತ್ತಿಲ್ಲ, ಗೊತ್ತಿದ್ದರೂ ಸಂಕೋಚ. ದಯವಿಟ್ಟು ಸಂಕೋಚ ಬಿಡಿ. ಹಣ ಇದ್ದರೆ ಎಸಿ ಲೋಕಲ್ ಇದೆ. 2017ರ ಕ್ರಿಸ್‌ಮಸ್ ದಿನ ವೆಸ್ಟರ್ನಿನಲ್ಲಿ ಮೊದಲು ಶುರುವಾಯಿತು, ಈಗ ಸೆಂಟ್ರಲ್ಲಿನಲ್ಲೂ ಇದೆ. ಬಾಗಿಲು ಮುಚ್ಚಿಕೊಳ್ಳುವುದರಿಂದ ಬೀಳುವ ಭಯವಿಲ್ಲ. ಗರ್ದಿ ಅದರಲ್ಲೂ ಇದೆ, ಬೆವರು ಮಾತ್ರ ಕಡಿಮೆ. ಫಸ್ಟ್ ಕ್ಲಾಸ್? ರಶ್ ಹೊತ್ತಿನಲ್ಲಿ ಅಲ್ಲೂ ನಿಂತೇ ಹೋಗುವುದು. ನನ್ನ ಮಟ್ಟಿಗೆ ಆ ಹಣ ದಂಡ.

ಸೇತುವೆ, ಮೆಟ್ಟಿಲು

ಗಾಡಿಯಿಂದ ಇಳಿದರೆ ಮುಗಿಯಲಿಲ್ಲ. 2017ರ ಸೆಪ್ಟೆಂಬರ್ 29ರ ಬೆಳಗ್ಗೆ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ (ಈಗಿನ ಪ್ರಭಾದೇವಿ) ಸೇತುವೆಯಲ್ಲಿ ಕಾಲ್ತುಳಿತವಾಗಿ 23 ಜನ ಸತ್ತರು. ಜೋರು ಮಳೆ. ನೆನೆಯಬಾರದೆಂದು ಜನ ಮೆಟ್ಟಿಲಲ್ಲೇ ನಿಂತರು. ಹಿಂದಿನಿಂದ ಒಂದಾದ ಮೇಲೊಂದು ಗಾಡಿ ಜನರನ್ನು ಇಳಿಸುತ್ತಲೇ ಇತ್ತು.

ಆದ್ದರಿಂದ ಮೆಟ್ಟಿಲ ಮೇಲೆ ಯಾವ ಕಾರಣಕ್ಕೂ ನಿಲ್ಲಬೇಡಿ. ಛತ್ರಿ ಬಿಚ್ಚಲೂ ಬೇಡ, ಫೋನ್ ಎತ್ತಲೂ ಬೇಡ. ಸೇತುವೆ ತುಂಬಿದೆ ಎನಿಸಿದರೆ ಪ್ಲಾಟ್‌ಫಾರ್ಮಿನಲ್ಲೇ ಐದು ನಿಮಿಷ ಕಳೆಯಿರಿ, ಅಥವಾ ಇನ್ನೊಂದು ತುದಿಯ ಸೇತುವೆಗೆ ನಡೆಯಿರಿ. ದೊಡ್ಡ ಸ್ಟೇಷನ್ನುಗಳಲ್ಲಿ ಒಂದಕ್ಕಿಂತ ಹೆಚ್ಚು ಸೇತುವೆ ಇರುತ್ತವೆ. ಜನ ಮಾತ್ರ ಒಂದಕ್ಕೇ ಮುಗಿಬೀಳುತ್ತಾರೆ. ದಾದರಿನಲ್ಲಿ ಪ್ಲಾಟ್‌ಫಾರ್ಮ್ ಸಂಖ್ಯೆ 2023ರ ಡಿಸೆಂಬರಿನಲ್ಲಿ ಬದಲಾಗಿದೆ. 1ರಿಂದ 7 ವೆಸ್ಟರ್ನ್, 8ರಿಂದ ಮುಂದಕ್ಕೆ ಸೆಂಟ್ರಲ್. ಹಳಬರು ಇನ್ನೂ ಹಳೆಯ ನಂಬರನ್ನೇ ಹೇಳಿ ದಾರಿ ತಪ್ಪಿಸುತ್ತಾರೆ. ನಾನೂ ಒಮ್ಮೆ ತಪ್ಪಿಸಿದ್ದೇನೆ.

ಭಾನುವಾರ

ಭಾನುವಾರ ಬೆಳಗ್ಗೆ ಹತ್ತು–ಹನ್ನೊಂದರಿಂದ ಮಧ್ಯಾಹ್ನ ಮೂರು–ನಾಲ್ಕರವರೆಗೆ ಹಳಿ ದುರಸ್ತಿಗೆಂದು ಮೆಗಾ ಬ್ಲಾಕ್ ಇರುತ್ತದೆ. ವೆಸ್ಟರ್ನಿನವರು ಜಂಬೋ ಬ್ಲಾಕ್ ಎನ್ನುತ್ತಾರೆ. ಯಾವ ಭಾಗದಲ್ಲಿ ಎಂಬುದು ಶನಿವಾರದ ಹೊತ್ತಿಗೆ ಪೇಪರಿನಲ್ಲಿ ಬರುತ್ತದೆ. ಮಾಟುಂಗಾದಲ್ಲಿ ದೋಸೆ ತಿನ್ನುವ ಆಸೆ ಇದ್ದರೆ ಬ್ಲಾಕ್ ಶುರುವಾಗುವ ಮೊದಲೇ ಹೋಗಿಬಿಡಿ. ಭಾನುವಾರ ಪರೀಕ್ಷೆ, ಸಂದರ್ಶನ ಇದ್ದವರು ಒಂದು ಗಂಟೆ ಮುಂಚೆ ಹೊರಡಿ. ಹಲವು ಸರ್ಕಾರಿ ರಜೆಗಳಲ್ಲೂ ಭಾನುವಾರದ ವೇಳಾಪಟ್ಟಿಯೇ ನಡೆಯುತ್ತದೆ. ನಿಮ್ಮ ಖಾಸಗಿ ಆಫೀಸಿಗೆ ಅವತ್ತು ರಜೆ ಇಲ್ಲದಿದ್ದರೆ ಕಷ್ಟ ನಿಮ್ಮದೇ.

ಗಾಡಿ ನಿಂತುಬಿಟ್ಟರೆ

ಮೊದಲು ಏನು ಕೆಟ್ಟಿದೆ ಎಂದು ತಿಳಿದುಕೊಳ್ಳಿ. ಎಷ್ಟು ಹೊತ್ತು ಎನ್ನುವುದು ಅದರ ಮೇಲೆ ಹೋಗುತ್ತದೆ. ನನ್ನ ಅನುಭವದಲ್ಲಿ ಸಿಗ್ನಲ್ ಅಥವಾ ಪಾಯಿಂಟ್ (ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗ) ಕೆಟ್ಟರೆ ಅರ್ಧ ಗಂಟೆ, ಮುಕ್ಕಾಲು ಗಂಟೆ ತಡ. ಚಳಿಗಾಲದ ಬೆಳಗ್ಗೆ ಹಳಿ ಬಿರುಕು ಬಿಡುವುದುಂಟು, ಚಳಿಗೆ ಕಬ್ಬಿಣ ಕುಗ್ಗುತ್ತದಲ್ಲ. ಅದನ್ನೂ ಒಂದು ಗಂಟೆಯೊಳಗೆ ಸರಿ ಮಾಡುತ್ತಾರೆ. ಮೇಲಿನ ವಿದ್ಯುತ್ ತಂತಿ ಕಡಿದರೆ ಮಾತ್ರ ಆಸೆ ಬಿಡಿ, ಗಂಟೆಗಟ್ಟಲೆ ಹಿಡಿಯುತ್ತದೆ. ಹಳಿಯ ಮೇಲೆ ನೀರು ಬಂದಿದ್ದರೆ ಅವತ್ತಿನ ಕೆಲಸ ಮುಗಿಯಿತು ಎಂದುಕೊಳ್ಳಿ.

ಗಾಡಿ ತಡವಾದ ದಿನ ನಾನು ಕಲಿತ ದೊಡ್ಡ ಪಾಠ ಇದು: ಬಹಳ ಹೊತ್ತಿನ ಮೇಲೆ ಬರುವ ಮೊದಲ ಗಾಡಿ ಹತ್ತಬೇಡಿ. ನಲವತ್ತು ನಿಮಿಷದಿಂದ ಕಾದ ಜನರೆಲ್ಲ ಅದಕ್ಕೇ ನುಗ್ಗುತ್ತಾರೆ. ಅದರ ಹಿಂದೆಯೇ ಎರಡನೆಯದು, ಮೂರನೆಯದು ಬಾಲ ಹಿಡಿದು ನಿಂತಿರುತ್ತವೆ. ರೈಲ್ವೆಯವರು ಇದನ್ನು ಬಂಚಿಂಗ್ ಎನ್ನುತ್ತಾರೆ. ಮೂರನೆಯದರಲ್ಲಿ ನಾನು ಸೀಟು ಹಿಡಿದು ಕೂತು ಹೋದದ್ದೂ ಇದೆ. ಎಂಟು ನಿಮಿಷ ತಾಳ್ಮೆ ಬೇಕು, ಅಷ್ಟೇ.

ಎರಡು ಸ್ಟೇಷನ್ ನಡುವೆ ನಿಂತರೆ ಇಳಿಯಬೇಡಿ. ಹತ್ತು ನಿಮಿಷವಾದ ಕೂಡಲೇ ಯಾರೋ ಒಬ್ಬ ಧುಮುಕುತ್ತಾನೆ, ಅವನ ಹಿಂದೆ ಹತ್ತು ಜನ. ನಿಮ್ಮ ಗಾಡಿ ನಿಂತಿದೆ, ಆದರೆ ಪಕ್ಕದ ಹಳಿಯಲ್ಲಿ ಗಾಡಿಗಳು ಓಡುತ್ತಿರಬಹುದು. ತಲೆಯ ಮೇಲೆ 25,000 ವೋಲ್ಟಿನ ತಂತಿ. ಗಾರ್ಡ್ ಅಥವಾ ಆರ್‌ಪಿಎಫ್‌ನವರು (ರೈಲ್ವೆ ರಕ್ಷಣಾ ಪಡೆಯವರು) ಬಂದು ಇಳಿಸಿದರೆ ಇಳಿಯಿರಿ. ಏನೇ ತೊಂದರೆಯಾದರೂ 139ಕ್ಕೆ ಫೋನ್ ಮಾಡಿ. ಕಳ್ಳತನ, ಕಿರುಕುಳವಾದರೆ ರೈಲ್ವೆ ಪೊಲೀಸರ ನಂಬರ್ 1512.

ಇನ್ನು ಬೇರೆ ದಾರಿ. ಇದನ್ನು ಮನೆಯಲ್ಲಿ ಕೂತು ಬರೆದಿಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಮ್ಮ ಸೆಂಟ್ರಲ್ ಲೈನಿನವರಿಗೆ ಘಾಟ್ಕೋಪರ್ ದೊಡ್ಡ ಬಾಗಿಲು. ಅಲ್ಲಿಂದ ಅಂಧೇರಿ–ವರ್ಸೋವಾ ಕಡೆಗೆ ಮೆಟ್ರೋ ಒಂದನೇ ಲೈನ್ 2014ರಿಂದ ಇದೆ. ಅದರಲ್ಲಿ ಮರೋಳ್ ನಾಕಾಕ್ಕೆ ಹೋಗಿ ಮೂರನೇ ಲೈನ್ ಹಿಡಿದರೆ ಬಿಕೆಸಿ, ದಾದರ್, ಸಿಎಸ್‌ಎಂಟಿ, ಚರ್ಚ್‌ಗೇಟ್, ಕೊನೆಗೆ ಕಫ್ ಪರೇಡ್. ಈ ಮೂರನೇ ಲೈನ್ 2025ರ ಅಕ್ಟೋಬರಿನಲ್ಲಿ ಪೂರ್ತಿಯಾಗಿ ತೆರೆಯಿತು, ಹೆಚ್ಚುಕಡಿಮೆ ಇಡೀ ದಾರಿ ನೆಲದಡಿಯಲ್ಲಿ. ಇಷ್ಟು ವರ್ಷ ನಮಗೆ ಇಲ್ಲದ ಅನುಕೂಲ. ಕುರ್ಲಾ ಆಚೆ ಸೆಂಟ್ರಲ್ ಲೈನ್ ಕೆಟ್ಟಿದ್ದರೆ ಕುರ್ಲಾದಲ್ಲೇ ಹಾರ್ಬರಿಗೆ ಬದಲಾಯಿಸಿ. ದಾದರ್ ಆಚೆ ಕೆಟ್ಟಿದ್ದರೆ ಸೇತುವೆ ದಾಟಿ ವೆಸ್ಟರ್ನ್ ಹಿಡಿದು ಚರ್ಚ್‌ಗೇಟಿಗೆ. ಥಾಣೆ–ಕುರ್ಲಾ ನಡುವೆ ಎಲ್ಲ ನಿಂತಿದ್ದರೆ ಥಾಣೆಯಿಂದ ವಾಶಿ, ವಾಶಿಯಿಂದ ಕುರ್ಲಾ. ಸುತ್ತು ದಾರಿ, ಆದರೆ ಓಡುತ್ತಿರುತ್ತದೆ. ನಿಮ್ಮ ಪಾಸ್ ಬೇರೆ ಲೈನಿಗೆ ನಡೆಯುವುದಿಲ್ಲ, ಟಿಕೆಟ್ ತೆಗೆಯಿರಿ. ಸೆಕೆಂಡ್ ಕ್ಲಾಸ್ ಟಿಕೆಟ್ 5 ರೂಪಾಯಿಯಿಂದ ಶುರು.

ಆಫೀಸಿನಲ್ಲೂ ಮೊದಲೇ ಮಾತಾಡಿಟ್ಟುಕೊಳ್ಳಿ. ತಡವಾದ ದಿನ ಬಾಸಿಗೆ ಫೋನ್ ಮಾಡಿ ಕ್ಷಮೆ ಕೇಳುವುದಕ್ಕಿಂತ, ಸೇರಿದ ಮೊದಲ ತಿಂಗಳೇ "ಎಂಟಕ್ಕೆ ಬಂದು ನಾಲ್ಕೂವರೆಗೆ ಹೋಗಲೇ?" ಎಂದು ಕೇಳಿ ನೋಡಿ. ಕೆಲಸದ ಹೊತ್ತು ಹಂಚಿ ಎಂದು ರೈಲ್ವೆಯೇ ಇಲ್ಲಿನ ಆಫೀಸುಗಳಿಗೆ ಪತ್ರ ಬರೆದು ಕೇಳಿಕೊಂಡಿದೆ. ನಾನು ಕೇಳಿದ್ದು ಹನ್ನೊಂದನೇ ವರ್ಷದಲ್ಲಿ. ಒಂದೇ ನಿಮಿಷದಲ್ಲಿ ಒಪ್ಪಿದರು. ಹತ್ತು ವರ್ಷ ಸುಮ್ನೆ ನೇತಾಡಿದೆ.

ಮಳೆಗಾಲ

ಜೋರು ಮಳೆ ಒಂದೇ ಬಂದರೆ ಲೋಕಲ್ ಹೇಗೋ ಓಡುತ್ತದೆ. ಅದೇ ಹೊತ್ತಿಗೆ ಸಮುದ್ರದಲ್ಲಿ ಉಬ್ಬರವಿದ್ದರೆ ನೀರು ಹೋಗಲು ಜಾಗವಿಲ್ಲ. ನಾಲ್ಕೂವರೆ ಮೀಟರಿಗಿಂತ ಎತ್ತರದ ಉಬ್ಬರ ಇರುವ ದಿನಗಳ ಪಟ್ಟಿಯನ್ನು ಮುಂಬೈ ಪಾಲಿಕೆ ಮಳೆಗಾಲಕ್ಕೆ ಮೊದಲೇ ಕೊಡುತ್ತದೆ. ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ನೀರು ನಿಲ್ಲುವ ಜಾಗಗಳು ಹೆಚ್ಚುಕಡಿಮೆ ಅವೇ: ಕುರ್ಲಾ, ಸಾಯನ್, ಮಾಟುಂಗಾ, ಮಸ್ಜಿದ್, ಹಾರ್ಬರಿನಲ್ಲಿ ಚುನಾಭಟ್ಟಿ, ವೆಸ್ಟರ್ನಿನಲ್ಲಿ ವಸಾಯಿ, ನಾಲಾಸೋಪಾರಾ.

2005ರ ಜುಲೈ 26 ನನಗೆ ಮರೆಯುವುದಿಲ್ಲ. ನಾನು ದಕ್ಷಿಣ ಮುಂಬೈಯ ಫೋರ್ಟಿನ ಆಫೀಸಿನಲ್ಲಿದ್ದೆ. ಕಿಟಕಿಯಿಂದ ನೋಡಿದರೆ ಮಾಮೂಲಿ ಮಳೆ. ಮನೆಯಿಂದ ಫೋನ್ ಬಂದಾಗ "ಇಲ್ಲೇನೂ ಇಲ್ಲ" ಎಂದು ನಾನೇ ಬೈದೆ. ಆಮೇಲೆ ಗೊತ್ತಾಯಿತು, ಫೋರ್ಟಿನ ಪಕ್ಕದ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರ್, ಅದೇ ದಿನ ಉತ್ತರಕ್ಕಿರುವ ಸಾಂತಾಕ್ರೂಜಿನಲ್ಲಿ 944. ಸಂಜೆ ಸ್ಟೇಷನ್ನಿನವರೆಗೆ ಹೋಗಿ, ಒಂದೂ ಗಾಡಿ ಇಲ್ಲದೆ ವಾಪಸ್ ಬಂದು, ಆಫೀಸಿನ ಮೇಜಿನ ಮೇಲೆ ಫೈಲು ತಲೆದಿಂಬು ಮಾಡಿ ಮಲಗಿದೆ. ರಾತ್ರಿ ವಾಚ್‌ಮನ್ ಕಾಕಾ ಪಾರ್ಲೆ–ಜಿ ಹಂಚಿದರು. ಒಬ್ಬೊಬ್ಬರಿಗೆ ನಾಲ್ಕು.

ಹಾಗಾಗಿ ಆಫೀಸಿನ ಕಿಟಕಿ ನೋಡಿ ಮಳೆ ಅಳೆಯಬೇಡಿ. ದಾರಿಯಲ್ಲಿ ಏನಾಗಿದೆ ಎಂದು ಕುರ್ಲಾದಲ್ಲೋ ಸಾಯನ್ನಿನಲ್ಲೋ ಇರುವವರನ್ನು ಕೇಳಿ. ಅನುಮಾನ ಬಂದರೆ ಮಧ್ಯಾಹ್ನವೇ ಹೊರಡಿ, ಇಲ್ಲವಾದರೆ ಹೊರಡಲೇ ಬೇಡಿ. ನಡುವೆ ಸಿಕ್ಕಿಕೊಳ್ಳುವುದೇ ಎಲ್ಲಕ್ಕಿಂತ ಕೆಟ್ಟದ್ದು. ಆಫೀಸಿನ ಡ್ರಾಯರಿನಲ್ಲಿ ಒಂದು ಜೊತೆ ಬಟ್ಟೆ, ಟೂತ್‌ಬ್ರಷ್, ನಿಮ್ಮ ಮಾತ್ರೆ, ಬಿಸ್ಕೆಟ್ ಇರಲಿ. ಬ್ಯಾಗಿನಲ್ಲಿ ಪವರ್ ಬ್ಯಾಂಕ್, ಫೋನಿಗೊಂದು ಪ್ಲಾಸ್ಟಿಕ್ ಕವರ್, ಇನ್ನೂರು–ಮುನ್ನೂರು ರೂಪಾಯಿ ನಗದು. ದಾರಿಯಲ್ಲಿ ಮೂರು ಸ್ಟೇಷನ್ನಿಗೊಬ್ಬರಂತೆ ಗುರುತಿನವರ ಮನೆ ತಿಳಿದಿರಲಿ. ನನಗೆ ಮಾಟುಂಗಾದಲ್ಲಿ ಗೆಳತಿ, ಮುಲುಂಡಿನಲ್ಲಿ ನಾದಿನಿ. ನಾದಿನಿ ಜೊತೆ ಜಗಳವಾಡದಿರಲು ಇದೂ ಒಂದು ಕಾರಣ.

ಊರಿನಿಂದ ನೆಂಟರು ಬಂದಾಗ

ದೊಡ್ಡ ಸೂಟ್‌ಕೇಸು, ಹಲಸಿನ ಹಪ್ಪಳದ ಡಬ್ಬ, ಜೊತೆಗೆ ಅತ್ತೆ ಮಾವ. ಇವರನ್ನು ಬೆಳಗ್ಗೆ ಎಂಟರಿಂದ ಹನ್ನೊಂದರ ನಡುವೆ, ಸಂಜೆ ಐದರಿಂದ ಒಂಬತ್ತರ ನಡುವೆ ಲೋಕಲ್ ಹತ್ತಿಸಬೇಡಿ. ಟ್ಯಾಕ್ಸಿ ಮಾಡಿ, ಹಣ ಹೋದರೆ ಹೋಗಲಿ. ಎಲ್ಲಿ ಇಳಿಯಬೇಕು ಎಂದೂ ಮೊದಲೇ ಹೇಳಿ. ಎಲ್ಲರೂ ಕೊನೆಯ ಸ್ಟೇಷನ್ನಿನ ತನಕ ಬಂದು ಮತ್ತೆ ಹಿಂದಕ್ಕೆ ಒದ್ದಾಡುತ್ತಾರೆ. ನಮ್ಮ ಹಾಗೆ ಡೊಂಬಿವಲಿ ಕಡೆಯವರ ಮನೆಗೆ ಬರುವವರಾದರೆ ಮಂಗಳೂರಿನಿಂದ ಬರುವ ಮತ್ಸ್ಯಗಂಧದಲ್ಲಿ ಥಾಣೆಗೇ ಇಳಿಯಬಹುದು, ಬೆಂಗಳೂರಿನಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕಲ್ಯಾಣಕ್ಕೇ.

ಕಳೆದ ವಾರ ಬೆಳಗ್ಗೆ ನಾನಿನ್ನೂ ಡಬ್ಬಿಗೆ ಚಪಾತಿ ಹಾಕುತ್ತಿದ್ದೆ, ಹುಡುಗಿಯ ಮೆಸೇಜ್ ಬಂತು. "ಚಿಕ್ಕಮ್ಮ, ಕಾಂಜೂರ್‌ಮಾರ್ಗದ ಹತ್ತಿರ ನಿಂತಿದೆ, ಪಾಯಿಂಟ್ ಫೇಲ್ಯೂರ್ ಅಂತೆ. ನಾನು ಘಾಟ್ಕೋಪರಿನಲ್ಲಿ ಇಳಿದು ಮೆಟ್ರೋ ಹಿಡೀತೀನಿ. ನೀನು ನಿಧಾನಕ್ಕೆ ಹೊರಡು, ಮೊದಲನೇ ಗಾಡಿ ಮಾತ್ರ ಹತ್ತಬೇಡ."